ಹೋಗಿಬರುವ ಹಕ್ಕು: ಸಣ್ಣ ಊರಿನ ಜನಸಂಖ್ಯೆ ಮತ್ತು ಸಾರಿಗೆ



ಗ್ರಾಮಜೀವನದ ಒಂದು ಪ್ರಶ್ನೆಯನ್ನು ಎತ್ತಿಕೊಂಡು ಮಾತಾಡಬೇಕೆಂಬುದು ಈ ದತ್ತಿ ಉಪನ್ಯಾಸದ ಆಶಯ. ನಾನು ಆರಿಸಿಕೊಂಡದ್ದು ಸಣ್ಣ ಊರಿನ ಪ್ರಶ್ನೆ. ಸಣ್ಣ ಊರು ಎಂದರೆ ಐನೂರು ಜನರೂ ಇಲ್ಲದ ಊರು. ಮಲೆನಾಡಿನಲ್ಲಿ ತೋಟದ ಅಂಚಿಗೆ ಚದುರಿದ ಹತ್ತಾರು ಮನೆಗಳು, ಚಿತ್ರದುರ್ಗದ ಬಯಲಿನಲ್ಲಿ ಒಂದು ಹಟ್ಟಿ, ಕಲಬುರಗಿಯಲ್ಲಿ ಒಂದು ತಾಂಡಾ, ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಒಂದು ಹಾಡಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಒಂದು ಪೋಡು.

ಇಂಥ ಊರಿಗೆ ರಸ್ತೆ ಬೇಕೇ, ಬಸ್ಸು ಬಿಡಬೇಕೇ ಎಂಬುದನ್ನು ನಾವು ತಲೆ ಎಣಿಸಿ ತೀರ್ಮಾನಿಸುತ್ತ ಬಂದಿದ್ದೇವೆ. ಜನ ಕಡಿಮೆ, ಆದ್ದರಿಂದ ರಸ್ತೆ ಇಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ ಹೋಗಿ ನೋಡಿದರೆ ರಸ್ತೆ ಇಲ್ಲದ ಕಾರಣಕ್ಕೆ ಜನ ಇನ್ನೂ ಕಡಿಮೆಯಾಗಿರುತ್ತಾರೆ. ಆಗ ಹಳೆಯ ತೀರ್ಮಾನವೇ ಸರಿಯಿತ್ತೆಂದು ಕಡತ ಹೇಳುತ್ತದೆ. ಈ ಸುತ್ತಿನಿಂದ ಹೊರಬರಬೇಕಾದರೆ ಅಳತೆಗೋಲನ್ನೇ ಬದಲಿಸಬೇಕು ಎಂಬುದು ನನ್ನ ವಾದ. ಊರಿನಲ್ಲಿ ಎಷ್ಟು ಜನರಿದ್ದಾರೆ ಎಂದು ಕೇಳುವ ಮೊದಲು, ಆ ಊರಿನ ಅತ್ಯಂತ ಅಶಕ್ತ ವ್ಯಕ್ತಿ ಪೇಟೆಗೆ ಹೋಗಿ, ಕೆಲಸ ಮುಗಿಸಿಕೊಂಡು, ಅದೇ ದಿನ ಕತ್ತಲಾಗುವುದರೊಳಗೆ ಮನೆ ಸೇರಬಹುದೇ ಎಂದು ಕೇಳಬೇಕು.

ಜನಗಣತಿಯ ಒಂದು ಸಾಲು

ಸಣ್ಣ ಊರು ಸರ್ಕಾರದ ಕಣ್ಣಿಗೆ ಹೇಗೆ ಬೀಳುತ್ತದೆ ಎಂಬಲ್ಲಿಂದ ಆರಂಭಿಸೋಣ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 29,340 ಗ್ರಾಮಗಳಿವೆ. ಅವುಗಳಲ್ಲಿ ಜನವಸತಿ ಇರುವವು 27,397. ಉಳಿದವು ಬೇಚರಾಕ್ ಗ್ರಾಮಗಳು: ಹೆಸರಿದೆ, ಸರ್ವೆ ನಂಬರುಗಳಿವೆ, ವಾಸ ಇಲ್ಲ. ಜಿಲ್ಲಾ ಜನಗಣತಿ ಕೈಪಿಡಿಯನ್ನು ತೆರೆದರೆ ಒಂದೊಂದು ಗ್ರಾಮಕ್ಕೆ ಒಂದೊಂದು ಸಾಲು. ಗ್ರಾಮದ ಸಂಕೇತ ಸಂಖ್ಯೆ, ಹೆಕ್ಟೇರ್‌ಗಳಲ್ಲಿ ವಿಸ್ತೀರ್ಣ, ಒಟ್ಟು ಜನ, ಒಟ್ಟು ಕುಟುಂಬ. ಅದರ ಮುಂದೆ ಶಾಲೆ, ಆಸ್ಪತ್ರೆ, ಅಂಚೆ, ಬಸ್ಸು, ಪಕ್ಕಾ ರಸ್ತೆ, ಬ್ಯಾಂಕು, ಸಂತೆ. ಸೌಲಭ್ಯ ಊರಲ್ಲೇ ಇದ್ದರೆ ಇದೆ ಎಂದು ಗುರುತು. ಇಲ್ಲದಿದ್ದರೆ ಅದು ಸಿಗುವ ಹತ್ತಿರದ ಜಾಗದ ದೂರಕ್ಕೆ ಒಂದು ಅಕ್ಷರ: ಐದು ಕಿಲೋಮೀಟರಿನ ಒಳಗಾದರೆ ‘ಎ’, ಐದರಿಂದ ಹತ್ತಾದರೆ ‘ಬಿ’, ಹತ್ತು ಮೀರಿದರೆ ‘ಸಿ’.

ಇಷ್ಟು ದೊಡ್ಡ ದೇಶದ ಪ್ರತಿ ಹಳ್ಳಿಗೂ ಹೀಗೊಂದು ಸಾಲು ಬರೆದಿಟ್ಟಿರುವುದು ಸಾಮಾನ್ಯ ಸಾಧನೆಯಲ್ಲ. ಆದರೂ ಆ ಅಕ್ಷರಗಳನ್ನು ಊರಿನ ನೆಲದ ಮೇಲೆ ಇಟ್ಟು ನೋಡಬೇಕು. ಮಂಡ್ಯದ ಸಮತಟ್ಟಾದ ನಾಲೆ ಏರಿಯ ಮೇಲಿನ ನಾಲ್ಕು ಕಿಲೋಮೀಟರು ‘ಎ’. ಶೃಂಗೇರಿಯ ಕಡೆ ಒಂದು ಘಟ್ಟ ಹತ್ತಿಳಿದು, ಮಳೆಗಾಲದಲ್ಲಿ ಸೊಂಟದವರೆಗೆ ಬರುವ ಹಳ್ಳ ದಾಟಬೇಕಾದ ನಾಲ್ಕು ಕಿಲೋಮೀಟರೂ ‘ಎ’. ಹನ್ನೊಂದು ಕಿಲೋಮೀಟರಿಗೂ ‘ಸಿ’, ನಲವತ್ತಕ್ಕೂ ‘ಸಿ’. ಬಸ್ಸಿನ ಅಂಕಣದಲ್ಲಿ ‘ಇದೆ’ ಎಂದಿದ್ದರೆ, ದಿನಕ್ಕೆ ಹತ್ತು ಟ್ರಿಪ್ ಇವೆಯೋ ಒಂದೇ ಇದೆಯೋ, ಬೆಳಿಗ್ಗೆ ಹೋದವರನ್ನು ಸಂಜೆ ವಾಪಸು ತರುತ್ತದೆಯೋ ಇಲ್ಲವೋ ಅಲ್ಲಿ ಬರೆದಿರುವುದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರ. ಜನಗಣತಿಯ ಸಾಲು ಇರುವುದು ಕಂದಾಯ ಗ್ರಾಮಕ್ಕೆ. ಆ ಗ್ರಾಮದೊಳಗಿನ ಮಜರೆಗಳಿಗೆ ಪ್ರತ್ಯೇಕ ಸಾಲು ಇಲ್ಲ. ಮೂಲ ಗ್ರಾಮದ ಬಸ್ ನಿಲ್ದಾಣದಲ್ಲಿ ಬಸ್ಸು ನಿಂತರೆ ಮೂರು ಕಿಲೋಮೀಟರು ಆಚೆಯ ಮಜರೆಗೂ ಬಸ್ಸು ಬಂದಂತೆ ಲೆಕ್ಕ. ತಾಂಡಾ, ಹಟ್ಟಿ, ಹಾಡಿ, ಕ್ಯಾಂಪುಗಳೆಲ್ಲ ಹೀಗೆ ಬೇರೊಂದು ಊರಿನ ಹೆಸರಿನಡಿ ಅಡಗಿಕೊಂಡಿದ್ದವು. ಇವನ್ನು ಕಂದಾಯ ಗ್ರಾಮಗಳಾಗಿ ಘೋಷಿಸುವ ಕೆಲಸವನ್ನು ಕರ್ನಾಟಕ ಕೈಗೆತ್ತಿಕೊಂಡಿತು. 2023ರ ಜನವರಿ 19ರಂದು ಮಳಖೇಡದಲ್ಲಿ ಬಂಜಾರ ಸಮುದಾಯದ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟದ್ದು ಅದರ ದೊಡ್ಡ ಘಟ್ಟ. ಹಕ್ಕುಪತ್ರದಿಂದ ಮನೆಯ ಜಾಗ ತನ್ನದಾಗುತ್ತದೆ. ಜೊತೆಗೆ ಊರಿಗೆ ತನ್ನದೇ ಹೆಸರು ಬರುತ್ತದೆ, ಆ ಹೆಸರಿನಲ್ಲಿ ರಸ್ತೆ ಕೇಳಲು ಬರುತ್ತದೆ. ಇದನ್ನು ನಾವು ಕಡಿಮೆ ಎಂದು ಎಣಿಸಬಾರದು.

ಗೆರೆ ಇಳಿದು ಬಂದ ಬಗೆ

ಎಷ್ಟು ಜನರಿದ್ದರೆ ರಸ್ತೆ ಕೊಡಬೇಕು ಎಂಬ ಗೆರೆಗೆ ತನ್ನದೇ ಚರಿತ್ರೆ ಇದೆ. 1943ರಲ್ಲಿ ಪ್ರಾಂತಗಳ, ಸಂಸ್ಥಾನಗಳ ಮುಖ್ಯ ಎಂಜಿನಿಯರುಗಳು ನಾಗಪುರದಲ್ಲಿ ಸೇರಿ ದೇಶಕ್ಕೆ ಮೊದಲ ರಸ್ತೆ ಯೋಜನೆ ಸಿದ್ಧಪಡಿಸಿದರು. ನೂರು ಚದರ ಕಿಲೋಮೀಟರಿಗೆ ಹದಿನಾರು ಕಿಲೋಮೀಟರು ರಸ್ತೆ ಎಂಬುದು ಅವರ ಗುರಿ. ಅಲ್ಲಿ ಅಳತೆ ನೆಲದ್ದು. ಜನಸಂಖ್ಯೆ ಅಳತೆಯಾದದ್ದು 1974ರಲ್ಲಿ ಆರಂಭವಾದ ಐದನೇ ಪಂಚವಾರ್ಷಿಕ ಯೋಜನೆಯ ಕನಿಷ್ಠ ಅಗತ್ಯಗಳ ಕಾರ್ಯಕ್ರಮದಲ್ಲಿ. 1,500ಕ್ಕಿಂತ ಹೆಚ್ಚು ಜನರಿರುವ ಹಳ್ಳಿಗಳಿಗೆ ಸರ್ವಋತು ರಸ್ತೆ ಎಂದು ಅದು ಹೇಳಿತು. ಮುಂದೆ ಗೆರೆ ಸಾವಿರಕ್ಕೆ ಇಳಿಯಿತು. 1981ರಿಂದ 2001ರವರೆಗಿನ ಲಖನೌ ಯೋಜನೆ ಅದನ್ನು ಐನೂರಕ್ಕೆ ತಂದು ನಿಲ್ಲಿಸಿತು.

2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಆ ಐನೂರರ ಗೆರೆಗೆ ಹಣದ ಬಲ ಕೊಟ್ಟಿತು. ಅದು ಮಾಡಿದ ದೊಡ್ಡ ಉಪಕಾರ ಇನ್ನೊಂದಿದೆ: ಕಂದಾಯ ಗ್ರಾಮವನ್ನು ಬಿಟ್ಟು ಜನವಸತಿಯನ್ನು ಘಟಕವಾಗಿ ಹಿಡಿಯಿತು. ಹಾದಿಯ ಲೆಕ್ಕದಲ್ಲಿ ಐನೂರು ಮೀಟರಿನೊಳಗಿನ ವಸತಿಗಳನ್ನು ಒಟ್ಟುಗೂಡಿಸಿ ಜನಸಂಖ್ಯೆ ಹಿಡಿಯಬಹುದು ಎಂದಿತು. ಬೆಟ್ಟದ ರಾಜ್ಯಗಳಿಗೆ, ಮರುಭೂಮಿ ಪ್ರದೇಶಗಳಿಗೆ, ಸಂವಿಧಾನದ ಐದನೇ ಅನುಸೂಚಿಯ ಬುಡಕಟ್ಟು ಪ್ರದೇಶಗಳಿಗೆ ಗೆರೆಯನ್ನು 250ಕ್ಕೆ ಇಳಿಸಿತು.

ನಮ್ಮ ಮಲೆನಾಡಿಗೆ ತೊಡಕಾದದ್ದು ಇಲ್ಲೇ. ಕರ್ನಾಟಕ ಬೆಟ್ಟದ ರಾಜ್ಯವಲ್ಲ. ಇಲ್ಲಿ ಐದನೇ ಅನುಸೂಚಿಯ ಪ್ರದೇಶವೂ ಇಲ್ಲ. ಹೀಗಾಗಿ ಕಳಸ, ಕೊಪ್ಪ, ಹೊಸನಗರದ ಗುಡ್ಡಗಾಡು ಬಯಲುಸೀಮೆಯ ಅಳತೆಗೇ ನಿಲ್ಲಬೇಕಾಯಿತು. ಬಯಲುಸೀಮೆಯ ಹಳ್ಳಿಯಲ್ಲಿ ಗೋಡೆಗೆ ಗೋಡೆ ತಾಗಿ ಮನೆಗಳಿರುತ್ತವೆ, ಐನೂರು ಜನ ಒಂದೇ ಕಡೆ ಸಿಗುತ್ತಾರೆ. ಮಲೆನಾಡಿನಲ್ಲಿ ಮನೆ ಇರುವುದು ಗದ್ದೆ, ತೋಟ, ನೀರು ಇರುವಲ್ಲಿ. ಮನೆಯಿಂದ ಮನೆಗೆ ಅರ್ಧ ಕಿಲೋಮೀಟರು ಇರುವ ಕಡೆ ಐನೂರು ಮೀಟರಿನೊಳಗೆ ಐನೂರು ಜನರನ್ನು ಎಲ್ಲಿಂದ ತರುವುದು?

2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಈ ಯೋಜನೆಯ ನಾಲ್ಕನೇ ಹಂತ 25,000 ಜನವಸತಿಗಳಿಗೆ 62,500 ಕಿಲೋಮೀಟರು ರಸ್ತೆ ಮಾಡುವ ಗುರಿ ಇಟ್ಟುಕೊಂಡಿದೆ. ಸ್ವಾಗತಿಸಬೇಕಾದ ನಿರ್ಧಾರ. ಅಲ್ಲಿಯೂ ಬಯಲಿನ ಗೆರೆ ಐನೂರೇ, ಜನಸಂಖ್ಯೆಯ ಆಧಾರ 2011ರ ಜನಗಣತಿಯೇ. ಮುಂದಿನ ಗಣತಿಯ ಆಧಾರ ದಿನ 2027ರ ಮಾರ್ಚ್ 1. ಗೆರೆಯ ಮೇಲೆ ಇದ್ದ ಎಷ್ಟೋ ಸಣ್ಣ ಊರುಗಳು ಆಗ ಗೆರೆಯ ಕೆಳಗೆ ಜಾರಿರುತ್ತವೆ ಎಂಬ ಆತಂಕ ನನಗಿದೆ.

ಜನ ಇಳಿದ ಜಿಲ್ಲೆ

ಆತಂಕಕ್ಕೆ ಆಧಾರವಿದೆ. 2001ರಿಂದ 2011ರ ನಡುವೆ ಕರ್ನಾಟಕದ ಜನಸಂಖ್ಯೆ ಶೇ. 15.6ರಷ್ಟು ಬೆಳೆಯಿತು. ಅದೇ ಹತ್ತು ವರ್ಷಗಳಲ್ಲಿ ಚಿಕ್ಕಮಗಳೂರು ಜಿಲ್ಲೆ 11,40,905ರಿಂದ 11,37,961ಕ್ಕೆ ಇಳಿಯಿತು. ರಾಜ್ಯದಲ್ಲಿ ಜನ ಕಡಿಮೆಯಾದ ಜಿಲ್ಲೆ ಅದೊಂದೇ. ಕೊಡಗು ಬೆಳೆದದ್ದು ಶೇಕಡಾ ಒಂದರ ಆಸುಪಾಸಿನಲ್ಲಿ. ಇದಕ್ಕೆ ರಸ್ತೆಯೊಂದೇ ಕಾರಣ ಎಂದರೆ ತಪ್ಪಾಗುತ್ತದೆ. ಹೆರಿಗೆಗಳ ಸಂಖ್ಯೆ ಇಳಿಯಿತು, ಕುದುರೆಮುಖದ ಗಣಿ 2005ರ ಕೊನೆಗೆ ನಿಂತಿತು, ಅಡಿಕೆ ತೋಟಕ್ಕೆ ಹಳದಿ ಎಲೆ ರೋಗ ಬಂತು, ಓದಿದ ಮಕ್ಕಳನ್ನು ಬೆಂಗಳೂರು ಕರೆಯಿತು. ಆದರೆ ಊರಿನಲ್ಲೇ ಇದ್ದು ಪೇಟೆಯ ಕಾಲೇಜಿಗೆ, ಪೇಟೆಯ ಕೆಲಸಕ್ಕೆ ಹೋಗಿಬರಲು ಸಾಧ್ಯವಿದ್ದ ಮನೆಗೂ ಅದು ಸಾಧ್ಯವಿಲ್ಲದ ಮನೆಗೂ ವ್ಯತ್ಯಾಸ ಇದೆ. ಮೊದಲನೆಯ ಮನೆಯ ಹುಡುಗಿ ಪಿಯುಸಿ ಮುಗಿಸುತ್ತಾಳೆ, ಮನೆ ಅಲ್ಲೇ ಉಳಿಯುತ್ತದೆ. ಎರಡನೆಯ ಮನೆಯವರು ಮಕ್ಕಳ ಓದಿಗೆಂದು ಪೇಟೆಯಲ್ಲಿ ಬಾಡಿಗೆ ಮನೆ ಹಿಡಿಯುತ್ತಾರೆ. ಅಲ್ಲಿಗೆ ಮೊದಲು ತಾಯಿ ಹೋಗುತ್ತಾಳೆ, ಊರ ಶಾಲೆಯ ಹಾಜರಿ ಇಳಿಯುತ್ತದೆ, ಶಾಲೆ ಮುಚ್ಚುತ್ತದೆ, ಶಾಲೆಯ ಮಕ್ಕಳನ್ನು ನಂಬಿದ್ದ ಬಸ್ಸು ನಿಲ್ಲುತ್ತದೆ. ಆಮೇಲೆ ಇನ್ನೂ ನಾಲ್ಕು ಮನೆ ಹೊರಡುತ್ತವೆ.

ಇದೇ ಜಿಲ್ಲೆಯಲ್ಲಿ ಈ ಇಳಿಜಾರಿಗೆ ಅಡ್ಡ ನಿಂತ ಒಂದು ಸಂಸ್ಥೆ ಇತ್ತು. ತಾವು ದುಡಿಯುತ್ತಿದ್ದ ಖಾಸಗಿ ಬಸ್ ಕಂಪನಿ ನಿಂತುಹೋದಾಗ ಕೊಪ್ಪದ ಕಾರ್ಮಿಕರು 1991ರಲ್ಲಿ ಕೈಗೆ ಸಿಕ್ಕ ಕೆಲವೇ ಬಸ್ಸುಗಳಿಂದ ಸಹಕಾರ ಸಾರಿಗೆಯನ್ನು ಕಟ್ಟಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಅದರ ಮಾಲೀಕರು. ಅದು ಎಪ್ಪತ್ತಕ್ಕೂ ಹೆಚ್ಚು ಬಸ್ಸುಗಳ ಸಂಸ್ಥೆಯಾಗಿ ಬೆಳೆಯಿತು, ಮಲೆನಾಡಿನ ಒಳದಾರಿಗಳಲ್ಲಿ ಓಡಿತು, ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಟ್ಟಿತು. ನಷ್ಟ ತಾಳಲಾರದೆ 2020ರ ಫೆಬ್ರವರಿಯಲ್ಲಿ ಅದರ ಬಸ್ಸುಗಳು ನಿಂತವು. ಸಾರ್ವಜನಿಕರ ಕೆಲಸವನ್ನು ಮೂರು ದಶಕ ಹೊತ್ತ ಒಂದು ಕಾರ್ಮಿಕ ಸಂಸ್ಥೆಯನ್ನು ಲಾಭನಷ್ಟದ ಮಾರುಕಟ್ಟೆಗೆ ಒಂಟಿಯಾಗಿ ಬಿಟ್ಟುಕೊಟ್ಟೆವು. ಮಲೆನಾಡಿನ ಸಾರಿಗೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ನಷ್ಟ ನನಗೆ ಕಾಣುವುದಿಲ್ಲ.

ತುಮರಿಯ ಆರು ದಶಕ

ಜನಸಂಖ್ಯೆಯ ಲೆಕ್ಕ ಎಷ್ಟು ಕಠೋರವಾಗಬಹುದು ಎಂಬುದಕ್ಕೆ ಸಾಗರ ತಾಲೂಕಿನ ತುಮರಿ ಭಾಗ ಸಾಕ್ಷಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿಯ ಹಿನ್ನೀರು ಹರಡಿತು. ಗದ್ದೆ, ತೋಟ, ಮನೆ, ಹಳೆಯ ರಸ್ತೆಗಳು ಮುಳುಗಿದವು. ಕರೂರು, ಬಾರಂಗಿ ಹೋಬಳಿಗಳ ಊರುಗಳು ತಮ್ಮ ತಾಲೂಕು ಕೇಂದ್ರದಿಂದ ನೀರಿನ ಆಚೆ ಉಳಿದವು. ನಾಡಿಗೆ ಬೆಳಕು ಕೊಟ್ಟ ಜನರಿಗೆ ಸಾಗರದ ಆಸ್ಪತ್ರೆಗೆ, ಕಚೇರಿಗೆ, ಕಾಲೇಜಿಗೆ ಹೋಗಲು ಹೊಳೆಬಾಗಿಲಿನ ಲಾಂಚೇ ಗತಿಯಾಯಿತು. ರಸ್ತೆಯಲ್ಲೇ ಹೋಗುತ್ತೇವೆಂದರೆ ನಿಟ್ಟೂರು, ಹೊಸನಗರದ ಕಡೆಯಿಂದ ದೊಡ್ಡ ಸುತ್ತು.

ಲಾಂಚಿನ ಬದುಕನ್ನು ಹತ್ತಿರದಿಂದ ಕಂಡವರಿಗೆ ಗೊತ್ತು. ಅಂಬಾರಗೋಡ್ಲು ದಡದಲ್ಲಿ ಬಸ್ಸು, ಜೀಪು, ಬೈಕುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಲಾಂಚು ಬಂದು ದಡಕ್ಕೆ ತಾಗಿ ಹಲಗೆ ಇಳಿಸಿದರೆ ಬಸ್ಸು ಮೆಲ್ಲಗೆ ಅದರ ಮೇಲೆ ಹತ್ತುತ್ತಿತ್ತು, ಉಳಿದ ಜಾಗದಲ್ಲಿ ಜನ. ರಜೆಯ ದಿನ ಸಿಗಂದೂರಿಗೆ ಭಕ್ತರು ತುಂಬಿ ಬಂದರೆ ಊರಿನವರೂ ಅದೇ ಸಾಲಿನಲ್ಲಿ ಕಾಯಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುವಂತಿರಲಿಲ್ಲ. ಸಂಜೆಯ ಕೊನೆಯ ಲಾಂಚು ಹೋಯಿತೆಂದರೆ ಆಚೆಯ ದಡದ ಇಡೀ ಸೀಮೆಗೆ ಬೆಳಗಿನವರೆಗೆ ಸಾಗರದ ದಾರಿ ಬಂದ್ ಆಗುತ್ತಿತ್ತು. ಹೆರಿಗೆ ನೋವು, ಹಾವು ಕಚ್ಚುವುದು, ಎದೆನೋವು ಲಾಂಚಿನ ವೇಳಾಪಟ್ಟಿ ಕೇಳಿ ಬರುವುದಿಲ್ಲ.

ಸೇತುವೆ ಬೇಕೆಂದು ಆ ಜನ ದಶಕಗಳ ಕಾಲ ಕೇಳಿದರು. ಕೊನೆಗೆ 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ 2.44 ಕಿಲೋಮೀಟರು ಉದ್ದದ ಕೇಬಲ್ ಸೇತುವೆ ಉದ್ಘಾಟನೆಯಾಯಿತು. ಅದು ನಮ್ಮೆಲ್ಲರ ಸಂತೋಷ. ಆದರೂ ಸಮಾಜವಾಗಿ ನಾವು ಒಂದು ಪ್ರಶ್ನೆಯನ್ನು ನಮಗೆ ಕೇಳಿಕೊಳ್ಳಬೇಕು. ಸಿಗಂದೂರಿನ ದೇವಸ್ಥಾನಕ್ಕೆ ಬರುವ ಸಾವಿರಾರು ಜನರ ಸಂಖ್ಯೆ ಸೇರದೆ, ದಾರಿಗೆ ಹೆದ್ದಾರಿಯೆಂಬ ಹೆಸರು ಬರದೆ, ಬರೀ ಅಲ್ಲಿನ ನಿವಾಸಿಗಳ ತಲೆಎಣಿಕೆಯ ಮೇಲೆ ಈ ಸೇತುವೆ ಆಗುತ್ತಿತ್ತೇ? ಆಗುತ್ತಿತ್ತು ಎಂದು ಧೈರ್ಯವಾಗಿ ಹೇಳಲು ನನಗೆ ಆಗುವುದಿಲ್ಲ. ಅಣೆಕಟ್ಟೆ ಕಟ್ಟುವಾಗ ಊರಿನ ಜನಸಂಖ್ಯೆ ಅಡ್ಡಿಯಾಗಲಿಲ್ಲ. ಸೇತುವೆ ಕೇಳುವಾಗ ಮಾತ್ರ ಅಡ್ಡಿಯಾಯಿತು.

ವಸ್ತಿ ಬಸ್ಸಿನ ಲೆಕ್ಕ

ರಸ್ತೆ ಆದ ಮಾತ್ರಕ್ಕೆ ಸಂಚಾರ ಆಯಿತೆಂದಲ್ಲ. ಬೈಕು ಇದ್ದವನಿಗೆ ರಸ್ತೆ ಸಾಕು. ಅಜ್ಜಿಗೆ, ವಿದ್ಯಾರ್ಥಿನಿಗೆ, ಕೂಲಿ ಹೆಂಗಸಿಗೆ, ಕಣ್ಣು ಕಾಣದವರಿಗೆ ಬಸ್ಸು ಬೇಕು. ನಮ್ಮ ಗ್ರಾಮೀಣ ಸಾರಿಗೆ ಕಂಡುಕೊಂಡ ಅತಿ ಉತ್ತಮ ವ್ಯವಸ್ಥೆ ವಸ್ತಿ ಬಸ್ಸು ಎಂದು ನಾನು ನಂಬಿದ್ದೇನೆ. ಸಂಜೆ ಪೇಟೆಯಿಂದ ಹೊರಟ ಬಸ್ಸು ರಾತ್ರಿ ಕೊನೆಯ ಊರಿಗೆ ಬಂದು ನಿಲ್ಲುತ್ತದೆ. ಡ್ರೈವರು, ಕಂಡಕ್ಟರು ಗುಡಿಯ ಕಟ್ಟೆಯಲ್ಲೋ ಬಸ್ಸಿನಲ್ಲೋ ಮಲಗುತ್ತಾರೆ. ಯಾರದೋ ಮನೆಯಿಂದ ರೊಟ್ಟಿ, ಪಲ್ಯ ಬರುತ್ತದೆ. ಬೆಳಕು ಹರಿಯುವ ಮೊದಲೇ ಹಾಲಿನ ಕ್ಯಾನು, ಸಂತೆಗೆ ಹೋಗುವ ಕಾಯಿಪಲ್ಯದ ಚೀಲ, ಕಾಲೇಜಿನ ಮಕ್ಕಳನ್ನು ಹತ್ತಿಸಿಕೊಂಡು ಪೇಟೆಗೆ ಹೊರಡುತ್ತದೆ. ಹೋಗಿ ಅದೇ ದಿನ ಬರುವುದು ಇದರಿಂದ ಸಾಧ್ಯವಾಗುತ್ತದೆ.

1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳಿಂದ ಮೈಸೂರು ಸರ್ಕಾರದ ಸಾರಿಗೆ ಆರಂಭವಾದಾಗಿನಿಂದ ಇಂಥ ಬಸ್ಸುಗಳನ್ನು ಓಡಿಸಿದ ಸಿಬ್ಬಂದಿಯ ಋಣ ಹಳ್ಳಿಗಳ ಮೇಲಿದೆ. ಈಗ ಡಿಪೊಗಳಲ್ಲಿ ಕೇಳಿಬರುವ ಮಾತು ಕಲೆಕ್ಷನ್ನು, ಕಿಲೋಮೀಟರಿಗೆ ಬಂದ ಆದಾಯ. ಒಂದೊಂದು ಟ್ರಿಪ್ಪನ್ನು ಬಿಡಿಬಿಡಿಯಾಗಿ ತೂಗಿದರೆ ಸಂಜೆ ಹಳ್ಳಿಗೆ ಹೋಗುವ ಟ್ರಿಪ್ಪು ನಷ್ಟ ತೋರಿಸುವುದು ಸಹಜ. ಅದನ್ನು ಕತ್ತರಿಸಿದ ಕೆಲವೇ ತಿಂಗಳಲ್ಲಿ ಬೆಳಗಿನ ಟ್ರಿಪ್ಪೂ ಖಾಲಿಯಾಗುತ್ತದೆ. ವಾಪಸು ಬರುವ ಬಸ್ಸಿಲ್ಲದೆ ಯಾವ ತಾಯಿ ಮಗಳನ್ನು ಬೆಳಗಿನ ಬಸ್ಸಿಗೆ ಹತ್ತಿಸುತ್ತಾಳೆ? ಬೆಳಗಿನ ಕಲೆಕ್ಷನ್ನಿಗೆ ಆಧಾರ ಸಂಜೆಯ ನಷ್ಟ. ಈ ಸರಳ ಸತ್ಯ ಲೆಕ್ಕದ ಹಾಳೆಯಲ್ಲಿ ಎಲ್ಲೂ ಕಾಣುವುದಿಲ್ಲ.

2023ರ ಜೂನ್ 11ರಂದು ಜಾರಿಗೆ ಬಂದ, ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಹೆಣ್ಣುಮಕ್ಕಳ ಸಂಚಾರಕ್ಕೆ ಕೊಟ್ಟ ಬಲವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಸರ್ಕಾರಿ ಬಸ್ಸು ಬರುವ ಊರಿಗೆ ಮಾತ್ರ ಅದರ ಫಲ. ಕರಾವಳಿ, ಮಲೆನಾಡಿನ ಎಷ್ಟೋ ಒಳದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸುಗಳೇ. ಯಾವ ಬಸ್ಸೂ ಇಲ್ಲದ ಊರಿನ ಹೆಂಗಸು ಟಂಟಂಗೋ ಆಟೋಗೋ ತನ್ನ ಅರ್ಧ ದಿನದ ಕೂಲಿ ಕೊಡುತ್ತಾಳೆ. ಉಚಿತ ಟಿಕೆಟ್ಟು ಬಸ್ಸು ಇರುವ ಕಡೆ ಸಿಕ್ಕಿತು. ಬಸ್ಸಿಲ್ಲದ ಕಡೆ ಬಸ್ಸನ್ನೇ ಕೊಡುವುದು ಅದರ ಮುಂದಿನ ಹೆಜ್ಜೆಯಾಗಬೇಕು.

ಅಧ್ಯಯನಗಳು ಹೇಳುವುದು

ರಸ್ತೆ ಬಂದರೆ ಊರು ತಾನಾಗಿ ಶ್ರೀಮಂತವಾಗುತ್ತದೆ ಎಂಬ ನಂಬಿಕೆಯನ್ನೂ ಪರೀಕ್ಷಿಸಬೇಕು. ಸ್ಯಾಮ್ ಆಶರ್ ಮತ್ತು ಪಾಲ್ ನೊವೊಸಾಡ್ ಎಂಬ ಅರ್ಥಶಾಸ್ತ್ರಜ್ಞರು ಗ್ರಾಮ ಸಡಕ್ ಯೋಜನೆಯ ಜನಸಂಖ್ಯೆಯ ಗೆರೆಯನ್ನೇ ಬಳಸಿ, ಅದರ ತುಸು ಮೇಲಿನ ಹಾಗೂ ತುಸು ಕೆಳಗಿನ ಊರುಗಳನ್ನು ಹೋಲಿಸಿ 2020ರಲ್ಲಿ ಅಧ್ಯಯನ ಪ್ರಕಟಿಸಿದರು. ರಸ್ತೆ ಬಂದ ಊರಿನವರು ಬೇಸಾಯದ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಹೋಗುವುದು ಹೆಚ್ಚಿತು. ಬೆಳೆಯಲ್ಲಿ, ಆಸ್ತಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ನನ್ನ ಮಟ್ಟಿಗೆ ಇದು ರಸ್ತೆಯ ವಿರುದ್ಧದ ಮಾತಲ್ಲ. ರಸ್ತೆ ಕೊಡುವುದು ಆಯ್ಕೆಯನ್ನು, ಅದನ್ನು ಸಂಪತ್ತಾಗಿಸಲು ಬೇರೆ ಕೆಲಸಗಳೂ ಆಗಬೇಕು ಎಂದು ಇದು ತಿಳಿಸುತ್ತದೆ.

ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅವರ ಅಧ್ಯಯನ ಇನ್ನೂ ಹುರುಪು ತರುತ್ತದೆ. ಬಿಹಾರ 2006ರಲ್ಲಿ ಪ್ರೌಢಶಾಲೆಯ ಹುಡುಗಿಯರಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ ಅವರ ದಾಖಲಾತಿ ಶೇ. 32ರಷ್ಟು ಏರಿತು. ಹೆಚ್ಚು ಏರಿಕೆ ಕಂಡದ್ದು ಪ್ರೌಢಶಾಲೆ ಮೂರು ಕಿಲೋಮೀಟರಿಗಿಂತ ದೂರ ಇದ್ದ ಊರುಗಳಲ್ಲಿ. ಹುಡುಗಿಯರ ಓದಿಗೆ ಅಡ್ಡವಾಗಿದ್ದವುಗಳಲ್ಲಿ ದೂರವೂ ಒಂದು. ಅದನ್ನು ತೆಗೆಯಲು ದೊಡ್ಡ ಯಂತ್ರ ಬೇಕಾಗಲಿಲ್ಲ.

ಮಾಡಬೇಕಾದ ಕೆಲಸ

ನೂರು ಜನರಿಗೆ ಇಷ್ಟು ಖರ್ಚೇ ಎಂದು ಕೇಳುವವರಿದ್ದಾರೆ. ಪ್ರತಿ ಊರಿಗೂ ಅಗಲ ರಸ್ತೆ ಕೊಡಿ ಎಂದು ನಾನು ಕೇಳುತ್ತಿಲ್ಲ. ಪಶ್ಚಿಮಘಟ್ಟದ ಕಾಡನ್ನು ಸೀಳಿ ಡಾಂಬರು ಹಾಕುವುದು ಊರಿಗೂ ಒಳಿತಲ್ಲ, ಕಾಡಿಗೂ ಒಳಿತಲ್ಲ. ಬೇಕಾದದ್ದು ಮನುಷ್ಯರ ಓಡಾಟ, ಅದಕ್ಕೆ ನೆಲಕ್ಕೆ ತಕ್ಕ ದಾರಿಗಳು ನಮ್ಮಲ್ಲೇ ಇವೆ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಮುಂದೆ ನೂರಕ್ಕೂ ಹೆಚ್ಚು ಇಂಥ ಸೇತುವೆಗಳನ್ನು ಕಟ್ಟಿದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಮಳೆಗಾಲದಲ್ಲಿ ಕಾಲುಸಂಕ ಕೊಚ್ಚಿಹೋಗುವ ಊರಿಗೆ ಅಂಥದೊಂದು ಸೇತುವೆಯೇ ಅರ್ಧ ರಸ್ತೆ. ಮಲೆ ಮಹದೇಶ್ವರ ಬೆಟ್ಟದ ಕಾಡೂರುಗಳಿಗೆ ಅರಣ್ಯ ಇಲಾಖೆ ‘ಜನ ವನ ಸಾರಿಗೆ’ ಎಂಬ ಹೆಸರಿನಲ್ಲಿ ಜೀಪು ಬಿಟ್ಟದ್ದು ಇನ್ನೊಂದು ದಾರಿ. ದೊಡ್ಡ ಬಸ್ಸು ತಿರುಗಲಾರದ ಕಡೆ ಸಣ್ಣ ಗಾಡಿ ಸಾಕು.

ನನ್ನ ಸಲಹೆಗಳು ಮೂರು. ಮೊದಲನೆಯದು, ಪ್ರತಿ ಗ್ರಾಮ ಪಂಚಾಯಿತಿ ತನ್ನ ಮಜರೆಗಳಿಗೆಲ್ಲ ಒಂದು ಸಂಚಾರ ಪಟ್ಟಿ ಇಡಲಿ: ಬಸ್ಸು ಹಿಡಿಯಲು ಎಷ್ಟು ಹೊತ್ತು ನಡೆಯಬೇಕು, ಮೊದಲ ಬಸ್ಸು ಎಷ್ಟಕ್ಕೆ, ಕೊನೆಯ ಬಸ್ಸು ಎಷ್ಟಕ್ಕೆ, ಯಾವ ತಿಂಗಳಲ್ಲಿ ಹಳ್ಳ ಅಡ್ಡ ಬರುತ್ತದೆ, 108ರ ಆಂಬುಲೆನ್ಸು ಎಲ್ಲಿಯವರೆಗೆ ಬರುತ್ತದೆ. ಪ್ರೌಢಶಾಲೆಯ ಮಕ್ಕಳು ಮೇಷ್ಟ್ರ ಜೊತೆ ಸೇರಿ ಇದನ್ನು ಬರೆಯಬಲ್ಲರು. ಎರಡನೆಯದು, ರಾಜ್ಯದ ರಸ್ತೆ ಯೋಜನೆಗಳಲ್ಲಿ ಮಲೆನಾಡಿಗೆ ಜನಸಂಖ್ಯೆಯ ಬೇರೆ ಗೆರೆ ಇರಲಿ, ಒಂದು ದಾರಿಯ ಉದ್ದಕ್ಕೂ ಬರುವ ಎಲ್ಲ ಮನೆಗಳ ಜನರನ್ನು ಕೂಡಿಸಿ ಲೆಕ್ಕ ಹಿಡಿಯಲಿ. ಮೂರನೆಯದು, ವಸ್ತಿ ಬಸ್ಸನ್ನು ನಷ್ಟದ ಪಟ್ಟಿಯಿಂದ ತೆಗೆದು ಸೇವೆಯ ಪಟ್ಟಿಗೆ ಸೇರಿಸಿ, ಅದರ ಕೊರತೆಯನ್ನು ಬಜೆಟ್ಟಿನಲ್ಲಿ ಹೆಸರಿಟ್ಟು ತುಂಬಿಕೊಡಲಿ. ವಿದ್ಯಾರ್ಥಿ ಪಾಸಿಗೆ, ಶಕ್ತಿ ಯೋಜನೆಗೆ ಹೀಗೆ ಹಣ ಕೊಡುವ ದಾರಿ ಈಗಾಗಲೇ ಇದೆ.

ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಅನೇಕರು ಇಂಥ ಊರುಗಳಿಂದಲೇ ಬಂದವರು. ಸಂಜೆಯ ಬಸ್ಸು ತಪ್ಪೀತೆಂಬ ಚಿಂತೆ ಈಗಲೂ ಕೆಲವರ ಮನಸ್ಸಿನಲ್ಲಿರಬಹುದು. ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ನಿಮ್ಮ ಊರಿನ ಮುಂದಿನ ಗ್ರಾಮಸಭೆಗೆ ಹೋಗಿ, ಈಗ ಹೇಳಿದ ಸಂಚಾರ ಪಟ್ಟಿಯನ್ನು ಬರೆದುಕೊಂಡು ಹೋಗಿ, ಅದನ್ನು ನಡಾವಳಿಯಲ್ಲಿ ದಾಖಲಿಸಿ ಎಂದು ಕೇಳಿ. ನಿಮ್ಮಲ್ಲಿ ಎಷ್ಟು ಜನರಿದ್ದೀರಿ ಎಂದು ಅಧಿಕಾರಿಗಳು ಕೇಳಿದರೆ ಸಂಖ್ಯೆ ಹೇಳಿ. ಜೊತೆಗೆ, ಅಷ್ಟು ಜನರಲ್ಲಿ ಎಷ್ಟು ಮಂದಿ ಹೋದ ದಿನವೇ ಮನೆಗೆ ಬರಬಲ್ಲರು ಎಂಬುದನ್ನೂ ಹೇಳಿ. ಎರಡನೆಯ ಸಂಖ್ಯೆ ಮೊದಲನೆಯದಕ್ಕೆ ಸಮವಾಗುವವರೆಗೆ ಕೇಳುತ್ತಲೇ ಇರಬೇಕು.